ವೈ ಒತ್ತುವ ಮೊದಲು

ಕಳೆದ ಸಂಚಿಕೆಯಲ್ಲಿ ಲಿನಕ್ಸ್ ಟರ್ಮಿನಲ್‌ನಿಂದ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಿಂದ, ಸಾಫ್ಟ್‌ವೇರ್ ಹಾಕುವ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತದೆ ಅಂತ ಎಣಿಸಿರಲಿಲ್ಲ. ಮುಕ್ಕಾಲು ಪಾಲು ನಮ್ಮ ಕಾಸರಗೋಡಿನ ಕಡೆಯವೇ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಕಂಪ್ಯೂಟರ್ ಕಲಿಕೆಯ ಯೋಜನೆ ಶುರುವಾಯಿತು, 2017ರಲ್ಲಿ ಅದೇ ಕೈಟ್ ಎಂಬ ಸರಕಾರಿ ಕಂಪನಿ ಆಯಿತು. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಕಲಿತರೂ ಲ್ಯಾಬಿನಲ್ಲಿ ಕೂತದ್ದು ಉಬುಂಟು ಎಂಬ ಲಿನಕ್ಸಿನ ಮುಂದೆ. ಆ ಮಕ್ಕಳೇ ಈಗ ದೊಡ್ಡವರಾಗಿ ಕಾಗದ ಬರೆಯುತ್ತಿದ್ದಾರೆ.

ನಾನು ಗಣಿತದ ಟೀಚರ್ ಆಗಿದ್ದವಳು. ಲ್ಯಾಬಿನ ಕೀಲಿಕೈ ಯಾರಾದರೂ ಇಟ್ಟುಕೊಳ್ಳಬೇಕಲ್ಲ ಅಂತ ಹೆಡ್‌ಮಾಸ್ಟರು ಒಂದು ದಿನ ನನ್ನ ಕೈಗೆ ಕೊಟ್ಟರು. ಎಸ್‌ಐಟಿಸಿ, ಅಂದರೆ ಶಾಲೆಯ ಐಟಿ ಕೋಆರ್ಡಿನೇಟರ್ ಎಂಬ ದೊಡ್ಡ ಹೆಸರು ಆಮೇಲೆ ಬಂತು. ನಿವೃತ್ತಿಯಾಗುವವರೆಗೂ ಆ ಕೀಲಿಕೈ ನನ್ನಲ್ಲೇ ಉಳಿಯಿತು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಓದಿ ಕಲಿತದ್ದು ಕಡಿಮೆ, ಕೆಡಿಸಿ ಕಲಿತದ್ದು ಜಾಸ್ತಿ.

ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಮಾಡಿ. ಆಪ್ಟ್ ಅಂದರೆ ಎ, ಪಿ, ಟಿ; ಸಾಫ್ಟ್‌ವೇರ್ ಹಾಕುವ, ತೆಗೆಯುವ ಕಮಾಂಡ್ ಅದು. ಹಾಗೆ ಹಾಕುವ ಒಂದೊಂದು ಕಟ್ಟಿಗೆ ಪ್ಯಾಕೇಜ್ ಅಂತ ಹೆಸರು. ಸುಡೋ ಅಂದರೆ ಎಸ್, ಯು, ಡಿ, ಒ; ಮುಂದಿನ ಕಮಾಂಡನ್ನು ಯಜಮಾನನ ಅಧಿಕಾರದಿಂದ ನಡೆಸು ಅಂತ ಅರ್ಥ.

ಟೀಚರ್, ಯೂಟ್ಯೂಬಿನಲ್ಲಿ ಎಲ್ಲರೂ ಚಿತ್ರ ತಿದ್ದುವ ಗಿಂಪ್ 3 ತೋರಿಸುತ್ತಾರೆ. ನನ್ನ ಉಬುಂಟು 22.04ರಲ್ಲಿ ಗಿಂಪ್ 2.10 ಇದೆ. ‘ಸುಡೋ ಆಪ್ಟ್ ಅಪ್‌ಡೇಟ್’ ಐದಾರು ಸಲ ಕೊಟ್ಟೆ. ತಪ್ಪೇನೂ ತೋರಿಸುವುದಿಲ್ಲ, ಗಿಂಪ್ ಕೂಡ ಬದಲಾಗುವುದಿಲ್ಲ. — ಪೆರ್ಲದಿಂದ ಒಬ್ಬ ಫ್ಲೆಕ್ಸ್ ಡಿಸೈನರ್

ನಿಮ್ಮದು ಅಡಿಕೆ ತೋಟ ಇರುವ ಊರು. ಬೆಳಿಗ್ಗೆ ಪೇಪರಿನಲ್ಲಿ ಅಡಿಕೆ ಧಾರಣೆ ನೋಡುತ್ತೀರಿ. ಧಾರಣೆ ನೋಡಿದ ಮಾತ್ರಕ್ಕೆ ಅಟ್ಟದ ಮೇಲಿನ ಅಡಿಕೆ ಮಾರಿ ಹೋಗುತ್ತದಾ? ಆಪ್ಟ್ ಅಪ್‌ಡೇಟ್ ಮಾಡುವುದು ಆ ಪೇಪರ್ ಓದುವ ಕೆಲಸ ಮಾತ್ರ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಈಗ ಸಿಗುತ್ತದೆ ಎಂಬ ಪಟ್ಟಿಯನ್ನು ಸರ್ವರಿನಿಂದ ತಂದು ಇಡುತ್ತದೆ. ಸಾಫ್ಟ್‌ವೇರ್‌ನ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ನಿಜವಾಗಿ ಬದಲಾಯಿಸುವುದು ‘ಸುಡೋ ಆಪ್ಟ್ ಅಪ್‌ಗ್ರೇಡ್’. ಹೆಸರು ಇಟ್ಟವರು ಸ್ವಲ್ಪ ಯೋಚಿಸಬಹುದಿತ್ತು ಅಂತ ನನಗೂ ಅನಿಸಿದೆ. ಮೊದಲ ವರ್ಷ ಇಡೀ ಲ್ಯಾಬಿಗೆ ಬರೀ ಅಪ್‌ಡೇಟ್ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗಿದ್ದವಳು ನಾನು.

ಅಪ್‌ಗ್ರೇಡ್ ಕೊಟ್ಟರೂ ನಿಮಗೆ ಗಿಂಪ್ 3 ಬರುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ‘ಆಪ್ಟ್ ಪಾಲಿಸಿ ಗಿಂಪ್’ ಅಂತ ಕೊಟ್ಟು ನೋಡಿ. ಇನ್‌ಸ್ಟಾಲ್ಡ್ ಎಂದು ಒಂದು ಸಾಲು, ಕ್ಯಾಂಡಿಡೇಟ್ ಎಂದು ಇನ್ನೊಂದು ಸಾಲು ಬರುತ್ತದೆ. ಮೊದಲನೆಯದು ನಿಮ್ಮಲ್ಲಿ ಇರುವುದು, ಎರಡನೆಯದು ಸಿಗಬಹುದಾದದ್ದು. ಎರಡೂ ಒಂದೇ ಆಗಿದ್ದರೆ ಪಟ್ಟಿಯಲ್ಲೇ ಹೊಸದು ಇಲ್ಲ. ನಿಮ್ಮ ಉಬುಂಟು 22.04. ಆ ಸಂಖ್ಯೆಯ ಅರ್ಥ 2022ನೇ ಇಸವಿ, ನಾಲ್ಕನೇ ತಿಂಗಳು. ಆ ಹೊತ್ತಿಗೆ ಇದ್ದ ಆವೃತ್ತಿಗಳನ್ನು ಹಿಡಿದಿಟ್ಟು, ಮುಂದೆ ಹೆಚ್ಚಾಗಿ ಅದಕ್ಕೆ ಸುರಕ್ಷತೆಯ ತೇಪೆ ಮಾತ್ರ ಹಾಕುತ್ತಾರೆ. ಗಿಂಪ್ 3 ಬಂದದ್ದು 2025ರ ಮಾರ್ಚ್‌ನಲ್ಲಿ. ಹಾಗೆ ಹಿಡಿದಿಡುವುದು ಸೋಮಾರಿತನದಿಂದ ಅಲ್ಲ. ಪರೀಕ್ಷೆಯ ಹಿಂದಿನ ದಿನ ಮೆನು ಎಲ್ಲ ಬದಲಾಗಿ ಕೂತರೆ ಮಕ್ಕಳ ಗತಿ ಏನು?

ಹೊಸದೇ ಬೇಕೆಂದರೆ ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ರೂಪದಲ್ಲಿ, ಅಂದರೆ ಬೇಕಾದ್ದನ್ನು ತನ್ನ ಜೊತೆಗೇ ಕಟ್ಟಿಕೊಂಡು ಬರುವ ಪ್ಯಾಕೇಜಾಗಿ, ಹಾಕಿಕೊಳ್ಳಿ. ಅದು ಹಳೆಯದರ ಪಕ್ಕದಲ್ಲೇ ಕೂರುತ್ತದೆ. ಯಾರೋ ಎಲ್ಲೋ ಹೇಳಿದ ಪಿಪಿಎ ಸೇರಿಸುವುದನ್ನು ಮಾತ್ರ ಬಿಡಿ. ಪಿಪಿಎ ಅಂದರೆ ಯಾರು ಬೇಕಾದರೂ ನಡೆಸಬಹುದಾದ ಖಾಸಗಿ ಅಂಗಡಿ. ಅಲ್ಲಿಂದ ಬರುವ ಪ್ಯಾಕೇಜ್ ನಿಮ್ಮ ಮೆಷಿನ್‌ನಲ್ಲಿ ಯಜಮಾನನ ಅಧಿಕಾರದಿಂದ ಒಳಗೆ ಬರುತ್ತದೆ. ಗುರುತಿಲ್ಲದವರ ಕೈಗೆ ಮನೆಯ ಬೀಗದ ಕೈ ಕೊಡುತ್ತೀರಾ?

ಸುಡೋ ಕೊಟ್ಟ ಮೇಲೆ ಪಾಸ್‌ವರ್ಡ್ ಟೈಪ್ ಆಗುವುದೇ ಇಲ್ಲ. ಕೀಬೋರ್ಡ್ ಹೋಗಿದೆಯಾ? — ನೀರ್ಚಾಲು

ಆಗುತ್ತದೆ. ಕಾಣುವುದಿಲ್ಲ ಅಷ್ಟೆ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಕೀಬೋರ್ಡ್ ಅಂಗಡಿಗೆ ಹೋಗಬೇಡಿ.

ಟೀಚರೇ, ದೊಡ್ಡ ಎಡವಟ್ಟು ಮಾಡಿಕೊಂಡೆ. ಪ್ರಾಜೆಕ್ಟಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬೇಕಿತ್ತು. ಮೊದಲು ಹಳೆಯದನ್ನು ತೆಗೆಯೋಣ ಅಂತ ‘ಸುಡೋ ಆಪ್ಟ್ ರಿಮೂವ್ ಪೈಥಾನ್3’ ಕೊಟ್ಟೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ. ಫೈಲುಗಳೆಲ್ಲ ಹೋದವಾ? — ಬದಿಯಡ್ಕದಿಂದ ಒಬ್ಬ ಡಿಗ್ರಿ ವಿದ್ಯಾರ್ಥಿ

ಫೈಲುಗಳು ಹೋಗಿಲ್ಲ. ಮೊದಲು ಒಂದು ಚಾಯ ಕುಡಿದು ಬಾ, ಆಮೇಲೆ ಮುಂದೆ ಓದು.

ನೀನು ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಅದೂ ಎಸ್‌ಎಸ್‌ಎಲ್‌ಸಿ ಐಟಿ ಪರೀಕ್ಷೆಯ ಹಿಂದಿನ ಸಂಜೆ. ಡಿಸ್ಕಿನಲ್ಲಿ ಜಾಗ ಕಡಿಮೆ ಇತ್ತು, ಈ ಪೈಥಾನ್ ಯಾಕೆ ಎರಡೆರಡು ಅಂತ ಒಂದನ್ನು ತೆಗೆಯಲು ಹೊರಟೆ. ಟರ್ಮಿನಲ್ ಒಂದು ಉದ್ದದ ಪಟ್ಟಿ ತೋರಿಸಿತು. ಕೊನೆಯಲ್ಲಿ ವೈ ಅಥವಾ ಎನ್, ಅಂದರೆ ಹೌದಾ ಬೇಡವಾ, ಅಂತ ಕೇಳಿತು. ಬಸ್ಸಿನ ಹೊತ್ತಾಗಿತ್ತು, ವೈ ಒತ್ತಿದೆ. ಪಟ್ಟಿ ಯಾಕೆ ಇಷ್ಟು ಉದ್ದ ಅಂತ ತಲೆಗೆ ಬಂದದ್ದು ಸಾಲುಗಳು ಮೇಲೆ ಓಡಲು ಶುರುವಾದ ಮೇಲೆ. ಮರುದಿನ ಬೆಳಿಗ್ಗೆ ಲ್ಯಾಬಿಗೆ ಮೊದಲು ಬಂದ ಹುಡುಗ ಆ ಮೆಷಿನ್ ಆನ್ ಮಾಡಿ ನೋಡಿ, ‘ಟೀಚರೇ, ಚತ್ತು ಪೋಯಿ’ ಅಂದ. ಸತ್ತೇ ಹೋಯಿತು ಅಂತ. ಅವನಿಗೆ ಬೇರೆ ಮೆಷಿನ್ ಕೊಟ್ಟೆ. ನನ್ನ ಮುಖ ಹೇಗಿತ್ತೋ, ಅವನೇ ನನಗೆ ಸಮಾಧಾನ ಹೇಳಿದ.

ಆಗಿದ್ದು ಇಷ್ಟು. ಉಬುಂಟುವಿನ ಎಷ್ಟೋ ಭಾಗಗಳು ಪೈಥಾನ್ ಮೇಲೆ ನಿಂತಿವೆ. ಅದನ್ನು ತೆಗೆ ಅಂದರೆ ಅದರ ಮೇಲೆ ನಿಂತದ್ದನ್ನೂ ಆಪ್ಟ್ ತೆಗೆಯುತ್ತದೆ. ಕಂಬ ಕಿತ್ತ ಮೇಲೆ ಚಪ್ಪರ ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ. ಆದರೆ ಅದು ಮೋಸ ಮಾಡಿಲ್ಲ. ಏನೇನು ತೆಗೆಯುತ್ತೇನೆ ಅಂತ ಹೆಸರು ಹೆಸರಾಗಿ ಹೇಳಿ, ಒಪ್ಪಿಗೆ ಕೇಳಿಯೇ ತೆಗೆದಿದೆ. ಓದದೆ ಒಪ್ಪಿದ್ದು ನಾವು.

ಸರಿ ಮಾಡುವುದು ಹೀಗೆ. ಕಪ್ಪು ಪರದೆಯಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತು. ಅಕ್ಷರದ ಲಾಗಿನ್ ಬರುತ್ತದೆ. ನಿನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗು. ಲ್ಯಾನ್ ಕೇಬಲ್ ಹಾಕು, ಈ ಸ್ಥಿತಿಯಲ್ಲಿ ವೈಫೈಯನ್ನು ನಂಬಬೇಡ. ಕೇಬಲ್ ಹಾಕಿಯೂ ನೆಟ್ ಬರದಿದ್ದರೆ ‘ಸುಡೋ ಡಿಎಚ್‌ಕ್ಲೈಂಟ್’ ಕೊಡು. ಆಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್’. ಡೆಸ್ಕ್‌ಟಾಪಿಗೆ ಬೇಕಾದ ಎಲ್ಲವನ್ನೂ ಅದು ಎಳೆದು ತರುತ್ತದೆ, ಪೈಥಾನ್ ಸಹಿತ. ಇನ್ನೂ ಏನಾದರೂ ಬಾಕಿ ಇದ್ದರೆ ವಾರ್ ಫೋಲ್ಡರಿನ ಒಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಡಾಟ್ ಲಾಗ್ ಎಂಬ ಫೈಲ್ ಇದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡಿನಿಂದ ಏನು ಹೋಯಿತು ಎಂಬ ಲೆಕ್ಕ ಪೂರಾ ಅದರಲ್ಲಿದೆ. ನಮ್ಮ ಹಳೆಯ ಪಟೇಲರ ಕಡತಕ್ಕಿಂತ ಚೊಕ್ಕ. ನನ್ನ ಮೆಷಿನ್‌ನಲ್ಲಿ ‘ರಿಮೂವ್’ ಎಂಬ ಸಾಲಿನಲ್ಲಿ ನೂರಕ್ಕೂ ಮಿಕ್ಕಿ ಹೆಸರುಗಳಿದ್ದವು. ಮಧ್ಯಾಹ್ನ ಊಟ ಬಿಟ್ಟು ಕೂತು ಎಲ್ಲ ವಾಪಸ್ ತಂದೆ.

ಇನ್ನು ಮುಂದೆ ಏನು ತೆಗೆಯುವುದಿದ್ದರೂ ಮೊದಲು ಸುಡೋ ಇಲ್ಲದೆ ‘ಆಪ್ಟ್ ಹೈಫನ್ ಎಸ್ ರಿಮೂವ್’ ಅಂತ ಬರೆದು ಪ್ಯಾಕೇಜಿನ ಹೆಸರು ಕೊಡು. ಅದು ನಾಟಕ ಮಾತ್ರ, ಏನಾಗುತ್ತದೆ ಅಂತ ತೋರಿಸಿ ಸುಮ್ಮನಾಗುತ್ತದೆ. ‘ಟು ರಿಮೂವ್’ ಎಂಬ ಪದದ ಹಿಂದಿನ ಅಂಕಿ ನೋಡು. ಒಂದು ಕೇಳಿದ್ದಕ್ಕೆ ನೂರು ಬಂದರೆ ಅಲ್ಲೇ ನಿಲ್ಲಿಸು. ಪ್ರಾಜೆಕ್ಟಿಗೆ ಹೊಸ ಪೈಥಾನ್ ಬೇಕಾದರೆ ಹಳೆಯದನ್ನು ಇದ್ದಲ್ಲೇ ಬಿಟ್ಟು, ಹೊಸದನ್ನು ಪಕ್ಕದಲ್ಲಿ ಹಾಕಿ, ವೆನ್ವ್ ಎಂಬ ಪ್ರತ್ಯೇಕ ಕೋಣೆ ಮಾಡಿಕೊಂಡು ಕೆಲಸ ಮಾಡು. ಉಬುಂಟು ತನ್ನ ಕೆಲಸಕ್ಕೆ ಇಟ್ಟುಕೊಂಡ ಪೈಥಾನ್ ಅಡಿಗೆಮನೆಯ ಒಲೆಯ ಹಾಗೆ. ಅದನ್ನು ಯಾರಾದರೂ ಪ್ರಾಜೆಕ್ಟಿಗೆ ಒಯ್ಯುತ್ತಾರಾ?

ಇನ್ನೊಂದು ಮಾತು. ರಿಮೂವ್ ಕೊಟ್ಟರೆ ಪ್ರೋಗ್ರಾಂ ಹೋಗುತ್ತದೆ, ಅದರ ಸೆಟ್ಟಿಂಗ್ ಫೈಲುಗಳು ಸಿಸ್ಟಂನಲ್ಲಿ ಉಳಿಯುತ್ತವೆ. ಪರ್ಜ್ ಕೊಟ್ಟರೆ ಅವೂ ಹೋಗುತ್ತವೆ. ನಿನ್ನ ಹೋಮ್ ಫೋಲ್ಡರಿಗೆ ಎರಡೂ ಕೈ ಹಾಕುವುದಿಲ್ಲ. ಅದಕ್ಕೇ ಮೊದಲ ಸಾಲಿನಲ್ಲಿ ಅಷ್ಟು ಧೈರ್ಯ ಹೇಳಿದ್ದು.

ನನ್ನದು ಫೋಟೋಕಾಪಿ ಅಂಗಡಿ. ಬೆಳಿಗ್ಗೆ ಅಂಗಡಿ ತೆರೆದು ಏನಾದರೂ ಹಾಕಲು ಹೋದರೆ ‘ಕುಡ್ ನಾಟ್ ಗೆಟ್ ಲಾಕ್’ ಅನ್ನುತ್ತದೆ. ಮಧ್ಯಾಹ್ನ ಸರಿ ಇರುತ್ತದೆ. ಆ ಲಾಕ್ ಫೈಲನ್ನೇ ಡಿಲೀಟ್ ಮಾಡು ಅಂತ ಗೆಳೆಯ ಹೇಳುತ್ತಾನೆ. ಮಾಡಬಹುದಾ? — ಮುಳ್ಳೇರಿಯ

ಬೇಡ. ಬಚ್ಚಲಿನ ಬಾಗಿಲು ಒಳಗಿಂದ ಚಿಲಕ ಹಾಕಿದ್ದರೆ ಒಳಗೆ ಯಾರೋ ಮೀಯುತ್ತಿದ್ದಾರೆ ಅಂತ ಅರ್ಥ. ಬಾಗಿಲನ್ನೇ ಕಿತ್ತರೆ ಚಿಲಕದ ತೊಂದರೆ ತೀರುತ್ತದೆ, ನಿಜ. ಆಮೇಲಿನದ್ದನ್ನು ಯೋಚಿಸಿ.

ನಿಮ್ಮ ಪತ್ರದಲ್ಲಿ ‘ಬೆಳಿಗ್ಗೆ’ ಎಂಬ ಮಾತು ನನಗೆ ಇಷ್ಟವಾಯಿತು. ಉತ್ತರ ಅದರಲ್ಲೇ ಇದೆ. ಉಬುಂಟುವಿನಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ಒಂದು ಕೆಲಸ ತಾನೇ ನಡೆಯುತ್ತದೆ. ಸುರಕ್ಷತೆಯ ತೇಪೆಗಳನ್ನು ಕೇಳದೆ ಹಾಕುವುದು ಅದರ ಕೆಲಸ. ಬೆಳಿಗ್ಗೆ 6ರಿಂದ 7ರ ಒಳಗೆ ಯಾವಾಗಲೋ ಅದು ಶುರುವಾಗಬೇಕು. ಆ ಹೊತ್ತಿಗೆ ಮೆಷಿನ್ ಆಫ್ ಇದ್ದರೆ ಆನ್ ಆದ ಮೇಲೆ ತಪ್ಪಿದ ಸರದಿಯನ್ನು ತೀರಿಸಿಕೊಳ್ಳುತ್ತದೆ. ನೀವು 9 ಗಂಟೆಗೆ ಶಟರ್ ಎತ್ತುತ್ತೀರಿ, ಕಂಪ್ಯೂಟರ್ ಆನ್ ಮಾಡುತ್ತೀರಿ, ಅದು ತನ್ನ ಕೆಲಸಕ್ಕೆ ಕೂರುತ್ತದೆ. ಒಬ್ಬರು ಪ್ಯಾಕೇಜ್ ಹಾಕುತ್ತಿರುವಾಗ ಇನ್ನೊಬ್ಬರು ಹಾಕಬಾರದು ಅಂತ ಲಾಕ್. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಿ, ಆ ಹೊತ್ತಿಗೆ ಎರಡು ಆಧಾರ್ ಕಾಪಿ ಮಾಡಿ ಕೊಡಿ. ಯಾರು ಹಿಡಿದಿದ್ದಾರೆ ಎಂಬುದನ್ನು ಆ ಸಂದೇಶದಲ್ಲೇ ಪ್ರೋಸೆಸ್ ಸಂಖ್ಯೆಯ ಜೊತೆಗೆ ಕೊಟ್ಟಿರುತ್ತದೆ.

ಗೆಳೆಯನಿಗೆ ಇದನ್ನೂ ಹೇಳಿ. ಆ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ, ಯಾರೂ ಕೆಲಸ ಮಾಡದಿದ್ದಾಗಲೂ. ಫೈಲ್ ಇದೆ ಎಂಬುದು ಬೀಗ ಅಲ್ಲ. ಓಡುತ್ತಿರುವ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿರುವುದು ಬೀಗ. ಅಳಿಸಿದರೆ ಹಿಡಿದವನು ಹಿಡಿದೇ ಇರುತ್ತಾನೆ, ನಿಮಗೆ ಹೊಸ ಫೈಲ್ ಸಿಗುತ್ತದೆ, ಇಬ್ಬರೂ ಒಂದೇ ಪಟ್ಟಿಯ ಮೇಲೆ ಬರೆಯಲು ಶುರು ಮಾಡುತ್ತೀರಿ. ಯಾವುದು ಹಾಕಿದೆ, ಯಾವುದು ಹಾಕಿಲ್ಲ ಎಂಬ ಲೆಕ್ಕವೇ ತಪ್ಪುತ್ತದೆ.

ಅಪ್‌ಗ್ರೇಡಿನ ನಡುವೆ ಕರೆಂಟು ಹೋದರೆ ಏನು ಅಂತಲೂ ಕೇಳಿದ್ದೀರಿ. ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ನನಗೆ ಎಷ್ಟೋ ಸಲ ಆಗಿದೆ. ಮುಂದಿನ ಸಲ ಆಪ್ಟ್ ಕೊಟ್ಟಾಗ, ಪ್ಯಾಕೇಜ್ ಬಿಚ್ಚಿ ಹಾಕುವ ಡಿಪಿಕೆಜಿ ಅರ್ಧದಲ್ಲಿ ನಿಂತಿದೆ, ‘ಸುಡೋ ಡಿಪಿಕೆಜಿ ಹೈಫನ್ ಹೈಫನ್ ಕಾನ್ಫಿಗರ್ ಹೈಫನ್ ಎ’ ಕೊಡು ಅಂತ ಅದೇ ಹೇಳುತ್ತದೆ. ಕಾಯಿಲೆ ಹೇಳಿ ಮದ್ದನ್ನೂ ಹೇಳುವ ಡಾಕ್ಟರು. ಅದನ್ನು ಹಾಗೇ ಟೈಪ್ ಮಾಡಿ. ಇನ್ನೂ ತೊಡಕು ಉಳಿದರೆ ‘ಸುಡೋ ಆಪ್ಟ್ ಹೈಫನ್ ಹೈಫನ್ ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’.

ನಮ್ಮ ವಾಚನಾಲಯದ ಹಳೆ ಡೆಸ್ಕ್‌ಟಾಪಿನಲ್ಲಿ ಅಪ್‌ಡೇಟ್ ಕೊಟ್ಟರೆ ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಅನ್ನುತ್ತದೆ. ಮಳೆಗಾಲದಲ್ಲಿ ಮಾತ್ರ ಹೀಗೆ. ಉಬುಂಟುವಿಗೂ ಮಳೆಗೂ ಏನು ಸಂಬಂಧ? — ಪೈವಳಿಕೆ

ಸಂಬಂಧ ಇದೆ! ಪರದೆಯ ಮೂಲೆಯ ಗಡಿಯಾರ ನೋಡಿ. ತಾರೀಕು ಹಿಂದಕ್ಕೆ ಹೋಗಿರುತ್ತದೆ.

ನಮ್ಮಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುತ್ತೇವೆ. ಅದು ಸರಿಯೇ. ಪ್ಲಗ್ ಇದ್ದಾಗ ಕಂಪ್ಯೂಟರಿನ ಗಡಿಯಾರ ಗೋಡೆಯ ಕರೆಂಟಿನಲ್ಲೇ ನಡೆಯುತ್ತದೆ. ಕಿತ್ತಾಗ ಬೋರ್ಡಿನ ಮೇಲಿರುವ ರೂಪಾಯಿ ನಾಣ್ಯದ ಹಾಗಿನ ಬ್ಯಾಟರಿಯಿಂದ ನಡೆಯಬೇಕು. ನಿಮ್ಮ ಬ್ಯಾಟರಿ ಮುಗಿದಿದೆ. ಹೆಚ್ಚಿನವುಗಳಲ್ಲಿ ಅದು ಸಿಆರ್2032. ವಾಚ್ ರಿಪೇರಿಯವರಲ್ಲೂ ಸಿಗುತ್ತದೆ.

ತಾರೀಕಿಗೆ ಆಪ್ಟ್ ಯಾಕೆ ಅಷ್ಟು ಬೆಲೆ ಕೊಡುತ್ತದೆ? ಸರ್ವರಿನಿಂದ ಬರುವ ಪಟ್ಟಿಗೆ ಸಹಿ ಇರುತ್ತದೆ, ತಾರೀಕೂ ಇರುತ್ತದೆ. ನಿಮ್ಮ ಮೆಷಿನ್ ತಾನು ಇನ್ನೂ ಹಳೆಯ ವರ್ಷದಲ್ಲಿದ್ದೇನೆ ಎಂದುಕೊಂಡರೆ, ಮುಂದಿನ ವರ್ಷದ ತಾರೀಕಿನ ಚೆಕ್ ಬಂದ ಹಾಗೆ ಅದಕ್ಕೆ ಕಾಣುತ್ತದೆ. ಸ್ವೀಕರಿಸುವುದಿಲ್ಲ. ನೆಟ್ ಬಂದು ಸ್ವಲ್ಪ ಹೊತ್ತಾದರೆ ಗಡಿಯಾರ ತಾನೇ ಸರಿಯಾಗಬೇಕು. ಆಗದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ತಾರೀಕು ಸರಿ ಮಾಡಿ, ಮತ್ತೆ ಅಪ್‌ಡೇಟ್ ಕೊಡಿ.

ನಮ್ಮ ಮನೆಯಲ್ಲಿ ಗುಡ್ಡ ಹತ್ತಿದರೆ ಮಾತ್ರ ಫೋನಿಗೆ ರೇಂಜ್. ಡೇಟಾ ಕೂಡ ಲೆಕ್ಕದ್ದು. ಪೇಟೆಯಿಂದ ಪೆನ್‌ಡ್ರೈವ್‌ನಲ್ಲಿ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತರಬಹುದಾ? — ಎಣ್ಮಕಜೆ

ತರಬಹುದು. ಆದರೆ ಇಂಕ್‌ಸ್ಕೇಪಿನ ಡೆಬ್ ಫೈಲ್ ಒಂದನ್ನೇ ತಂದರೆ ಸಾಲದು. ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳೂ ಬರಬೇಕು. ಯಾವುವು ಬೇಕು ಅನ್ನುವುದು ನಿಮ್ಮ ಮೆಷಿನ್‌ಗೇ ಗೊತ್ತು, ಪೇಟೆಯ ಮೆಷಿನ್‌ಗಲ್ಲ. ಆದ್ದರಿಂದ ಚೀಟಿ ಮನೆಯಲ್ಲಿ ಬರೆಯಬೇಕು, ಸಾಮಾನು ಪೇಟೆಯಲ್ಲಿ ಕಟ್ಟಿಸಬೇಕು.

ಲ್ಯಾಪ್‌ಟಾಪ್ ಹೊತ್ತು ಒಮ್ಮೆ ಗುಡ್ಡ ಹತ್ತಿ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಆಪ್ಟ್ ಅಪ್‌ಡೇಟ್ ಕೊಡಿ. ಹತ್ತಾರು ಎಂಬಿ ಹೋಗಬಹುದು, ಅಷ್ಟು ಖರ್ಚು ಮಾಡಲೇಬೇಕು. ಪಟ್ಟಿ ಹಳೆಯದಾಗಿದ್ದರೆ ಅದರಲ್ಲಿರುವ ವಿಳಾಸಕ್ಕೆ ಹೋದಾಗ 404, ಅಂದರೆ ಫೈಲ್ ಇಲ್ಲಿಲ್ಲ ಎಂಬ ಉತ್ತರ, ಬಂದು ಪೇಟೆಯಿಂದ ಬರಿಗೈಯಲ್ಲಿ ಬರುತ್ತೀರಿ. ಆಮೇಲೆ ಮನೆಯಲ್ಲಿ ಕೂತು ‘ಆಪ್ಟ್-ಗೆಟ್ ಹೈಫನ್ ಹೈಫನ್ ಪ್ರಿಂಟ್-ಯುಆರ್‌ಐಎಸ್ ಇನ್‌ಸ್ಟಾಲ್ ಇಂಕ್‌ಸ್ಕೇಪ್’ ಕೊಡಿ. ಏನನ್ನೂ ಹಾಕದೆ, ಬೇಕಾದ ಪ್ರತಿ ಫೈಲಿನ ವಿಳಾಸವನ್ನು ಸಾಲಾಗಿ ಬರೆದು ಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ. ಪೇಟೆಯಲ್ಲಿ ವಿಂಡೋಸ್ ಇದ್ದರೂ ಪರವಾಗಿಲ್ಲ, ಬ್ರೌಸರಿನಲ್ಲಿ ಒಂದೊಂದೇ ಇಳಿಸಿಕೊಳ್ಳಿ. ಮನೆಗೆ ತಂದು ಒಂದು ಫೋಲ್ಡರಿನಲ್ಲಿ ಹಾಕಿ, ಆ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು, ‘ಸುಡೋ ಆಪ್ಟ್ ಇನ್‌ಸ್ಟಾಲ್’ ಅಂತ ಬರೆದು, ಒಂದು ಜಾಗ ಬಿಟ್ಟು, ಚುಕ್ಕೆ, ಸ್ಲ್ಯಾಷ್, ನಕ್ಷತ್ರ, ಚುಕ್ಕೆ, ಡೆಬ್ ಹಾಕಿ. ಆರಂಭದ ಚುಕ್ಕೆ ಮತ್ತು ಸ್ಲ್ಯಾಷ್ ಬಿಡಬೇಡಿ. ಅವು ಇದ್ದರೆ ಮಾತ್ರ ಫೈಲ್ ಇಲ್ಲೇ ಇದೆ ಅಂತ ಆಪ್ಟ್‌ಗೆ ತಿಳಿಯುತ್ತದೆ.

ಡೆಬ್ ಅಂದರೆ ಏನು ಅಂತ ಕೊನೆಯಲ್ಲಿ ಕೇಳಿದ್ದೀರಿ. ಡೆಬಿಯನ್‌ನ ಮೊದಲ ಮೂರು ಅಕ್ಷರ. ಉಬುಂಟು ನಿಂತಿರುವುದು ಡೆಬಿಯನ್ ಮೇಲೆ. 1993ರಲ್ಲಿ ಅದನ್ನು ಶುರು ಮಾಡಿದ ಇಯಾನ್ ಮುರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಡೆಬಿಯನ್ ಅಂತ ಕರೆದ. ಮದುವೆ ಕಾಗದದಲ್ಲಿ ಹೆಸರು ಹಾಕುವ ಹಾಗೆ, ಹುಡುಗಿಯದ್ದು ಮೊದಲು.

ಡೇಟಾ ಲೆಕ್ಕದ್ದಾದರೆ ಸ್ನ್ಯಾಪ್ ಬಗ್ಗೆಯೂ ಎಚ್ಚರ ಇರಲಿ. ಅದು ದಿನಕ್ಕೆ 4 ಸಲ ಹೊಸದು ಇದೆಯಾ ಅಂತ ನೋಡಿ, ಇದ್ದರೆ ಕೇಳದೆ ಇಳಿಸುತ್ತದೆ. 22.04ರಲ್ಲಿ ಫೈರ್‌ಫಾಕ್ಸ್ ಬರುವುದೂ ಸ್ನ್ಯಾಪ್ ಆಗಿಯೇ. ‘ಸುಡೋ ಸ್ನ್ಯಾಪ್ ರಿಫ್ರೆಶ್ ಹೈಫನ್ ಹೈಫನ್ ಹೋಲ್ಡ್’ ಕೊಟ್ಟರೆ ತಾನಾಗಿ ಇಳಿಸುವುದು ನಿಲ್ಲುತ್ತದೆ. ಹಾಗಂತ ಮರೆತು ವರ್ಷಗಟ್ಟಲೆ ಬಿಡಬೇಡಿ, ಬ್ರೌಸರ್ ಹಳೆಯದಾದಷ್ಟೂ ಅಪಾಯ. ತಿಂಗಳಿಗೊಮ್ಮೆ ಪೇಟೆಗೆ ಹೋದಾಗ ‘ಸುಡೋ ಸ್ನ್ಯಾಪ್ ರಿಫ್ರೆಶ್ ಫೈರ್‌ಫಾಕ್ಸ್’ ಅಂತ ನೀವೇ ಕೊಡಿ.

ಆಪ್ಟ್, ಆಪ್ಟ್-ಗೆಟ್ ಎರಡರಲ್ಲಿ ಯಾವುದು ಸರಿ? — ಕುಂಬಳೆ

ಎರಡೂ ಸರಿ. ಆಪ್ಟ್-ಗೆಟ್ ಹಳೆಯದು, ಆಪ್ಟ್ ಎಂಬ ಚಿಕ್ಕ ಕಮಾಂಡ್ 2014ರಲ್ಲಿ ಬಂತು. ಕೂತು ಟೈಪ್ ಮಾಡಲು ಆಪ್ಟ್ ಸುಲಭ. ಪುರುಸೊತ್ತಿದ್ದರೆ ‘ಆಪ್ಟ್-ಗೆಟ್ ಮೂ’ ಕೊಟ್ಟು ನೋಡಿ. ಎಂ, ಒ, ಒ. ಒಂದು ದನ ಬರುತ್ತದೆ. ನನ್ನ ಲ್ಯಾಬಿನಲ್ಲಿ ಎಂಟನೇ ಕ್ಲಾಸಿನವರು ಎಲ್ಲಕ್ಕಿಂತ ಬೇಗ ಕಲಿತ ಕಮಾಂಡ್ ಅದು.

ಟೀಚರ್, ನಾನು ಒಂಬತ್ತನೇ ತರಗತಿ. ಅಣ್ಣನ ಹಳೆ ಲ್ಯಾಪ್‌ಟಾಪಿಗೆ ಕನ್ನಡ ಹಾಕಬೇಕು. ಟರ್ಮಿನಲ್‌ನಿಂದ ಆಗುತ್ತದಾ? — ಅಡೂರು

ಆಗುತ್ತದೆ ಮಗಳೇ. ಎರಡು ಪ್ಯಾಕೇಜ್ ಸಾಕು. ಅಕ್ಷರ ಕಾಣಲು ‘ಫಾಂಟ್ಸ್-ಕೆಎನ್‌ಡಿಎ’. ಕನ್ನಡದ ಬೇರೆ ಬೇರೆ ಫಾಂಟುಗಳ ಕಟ್ಟು ಅದು, ಒಳಗೆ ಗುಬ್ಬಿ, ನವಿಲು ಅಂತೆಲ್ಲ ಹಕ್ಕಿಗಳಿವೆ. ಟೈಪ್ ಮಾಡಲು ‘ಐಬಸ್-ಎಂ17ಎನ್’. ‘ಸುಡೋ ಆಪ್ಟ್ ಇನ್‌ಸ್ಟಾಲ್’ ಬರೆದು ಎರಡರ ಹೆಸರನ್ನೂ ಒಂದರ ಪಕ್ಕ ಒಂದು ಬರೆ. ವೈ ಒತ್ತುವ ಮೊದಲು ಪಟ್ಟಿ ಓದು, ಮೇಲೆ ಬದಿಯಡ್ಕದ ಅಣ್ಣನ ಕಥೆ ಓದಿದ್ದೀಯಲ್ಲ. ಆಮೇಲೆ ಒಮ್ಮೆ ಲಾಗ್‌ಔಟ್ ಮಾಡಿ ಬಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸೇರಿಸು. ಸೂಪರ್ (ವಿಂಡೋಸ್ ಗುರುತಿನ ಕೀ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಹಾರುತ್ತದೆ.

ಟರ್ಮಿನಲ್‌ನಲ್ಲೇ ಕನ್ನಡ ಬರೆದು ನೋಡಿದರೆ ಒತ್ತಕ್ಷರ ಒಡೆದು, ಕೊಂಬು ಎಲ್ಲೋ ಹೋಗಿ ಕೂತಿರುತ್ತದೆ. ನೀನು ಹಾಕಿದ್ದು ಸರಿಯಾಗಿಯೇ ಇದೆ. ಟರ್ಮಿನಲ್‌ಗೆ ಒತ್ತು ಕೊಡಲು ಇನ್ನೂ ಬರುವುದಿಲ್ಲ. ಅದೇ ಸಾಲನ್ನು ಕಾಪಿ ಮಾಡಿ ಟೆಕ್ಸ್ಟ್ ಎಡಿಟರಿಗೆ ಅಂಟಿಸಿ ನೋಡು.